ಹರಿದುಬರುವ ಆಟ: ಅದರ ಭರವಸೆ ಮತ್ತು ವ್ಯವಹಾರ್ಯತೆ

೧

ವಿಡಿಯೋ ಆಟವೆಂದರೆ ಮಕ್ಕಳ ಕಾಲಹರಣವೆಂದು ಹಿರಿಯರು ಬದಿಗೆ ಸರಿಸುವ ವಾಡಿಕೆ ನಮ್ಮಲ್ಲಿ ಇನ್ನೂ ಉಂಟು. ಆ ಆಟಗಳ ಗುಣದೋಷಗಳ ವಿಚಾರ ಪ್ರಕೃತ ಲೇಖನದ ವಸ್ತುವಲ್ಲ. ಆದರೆ ಅವುಗಳನ್ನು ಮನೆಮನೆಗೆ ತಲುಪಿಸುವ ಹೊಸದೊಂದು ವಿಧಾನ ಈಚಿನ ವರ್ಷಗಳಲ್ಲಿ ಬೆಳೆದುಬಂದಿದೆ. ಅದರ ಏಳುಬೀಳುಗಳಲ್ಲಿ ಆಟವಾಡದವರೂ ಅರಿತಿರಬೇಕಾದ ಸಂಗತಿಗಳು ಅಡಗಿವೆ. ಅವು ದೂರವನ್ನು ಕುರಿತವು, ಕಾಲವನ್ನು ಕುರಿತವು, ಕೊನೆಯದಾಗಿ ಒಡೆತನವನ್ನು ಕುರಿತವು.

ಸಾಮಾನ್ಯ ಕ್ರಮದಲ್ಲಿ ವಿಡಿಯೋ ಆಟವನ್ನು ಆಡಬೇಕಾದರೆ ಅದಕ್ಕೆ ತಕ್ಕ ಯಂತ್ರ ಆಟಗಾರನ ಮನೆಯಲ್ಲಿಯೇ ಇರಬೇಕು. ಆಟದ ಪ್ರಪಂಚವನ್ನು ಕ್ಷಣಕ್ಷಣಕ್ಕೂ ಲೆಕ್ಕಹಾಕಿ ಚಿತ್ರವಾಗಿ ಬಿಡಿಸುವ ಕೆಲಸ ಬಹಳ ಶ್ರಮದ್ದು. ಆ ಶಕ್ತಿಯುಳ್ಳ ಯಂತ್ರಗಳಿಗೆ ಬೆಲೆಯೂ ಹೆಚ್ಚು. ಸೋನಿ ಸಂಸ್ಥೆಯ ಪ್ಲೇಸ್ಟೇಷನ್ ೫ ಎಂಬ ಯಂತ್ರ ೨೦೨೧ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಾಗ ಅದರ ಬೆಲೆ ೪೯,೯೯೦ ರೂಪಾಯಿಗಳಾಗಿದ್ದಿತು. ಯಂತ್ರವನ್ನು ಕೊಂಡ ಮೇಲೆ ಆಟಗಳನ್ನು ಬೇರೆಯಾಗಿ ಕೊಳ್ಳಬೇಕು. ಕೊಂಡ ಆಟವನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಬೇಕು; ‘ರೆಡ್ ಡೆಡ್ ರಿಡೆಂಪ್ಷನ್ ೨’ ಎಂಬ ಒಂದೇ ಆಟ ಕಂಪ್ಯೂಟರಿನಲ್ಲಿ ೧೫೦ ಗಿಗಾಬೈಟುಗಳಷ್ಟು ಜಾಗವನ್ನು ಬೇಡುತ್ತದೆ.

ಹೊಸ ವಿಧಾನದಲ್ಲಿ ಯಂತ್ರ ಆಟಗಾರನ ಮನೆಯಲ್ಲಿ ಇರುವುದಿಲ್ಲ. ಅದು ಎಲ್ಲಿಯೋ ದೂರದ ಡೇಟಾ ಕೇಂದ್ರದಲ್ಲಿ ಇರುತ್ತದೆ. ಆಟಗಾರ ತನ್ನ ಕೈಯಲ್ಲಿ ಗುಂಡಿಯನ್ನು ಒತ್ತಿದರೆ ಆ ಸಂಕೇತ ಅಂತರ್ಜಾಲದ ಮೂಲಕ ಆ ಕೇಂದ್ರಕ್ಕೆ ಹೋಗುತ್ತದೆ; ಅಲ್ಲಿಯ ಯಂತ್ರ ಆಟವನ್ನು ಮುಂದುವರಿಸಿ ಚಿತ್ರವನ್ನು ಬಿಡಿಸುತ್ತದೆ; ಆ ಚಿತ್ರ ಚಲನಚಿತ್ರದ ರೂಪದಲ್ಲಿ ಆಟಗಾರನ ಪರದೆಗೆ ಹರಿದುಬರುತ್ತದೆ. ಆದಕಾರಣ ಹಳೆಯ ಕಂಪ್ಯೂಟರು, ಸಾಧಾರಣ ಟೆಲಿವಿಷನ್, ಅಗ್ಗದ ಫೋನು, ಇವುಗಳಲ್ಲಿ ಯಾವುದಾದರೂ ಸಾಕು. ಯಂತ್ರವನ್ನು ಕೊಳ್ಳುವ ವೆಚ್ಚವಿಲ್ಲ, ಇಳಿಸಿಕೊಳ್ಳುವ ಕಾಯುವಿಕೆಯಿಲ್ಲ, ಹಳತಾಯಿತೆಂಬ ಚಿಂತೆಯಿಲ್ಲ.

ಈ ಭರವಸೆ ಮೇಲುನೋಟಕ್ಕೆ ಎಷ್ಟು ಹಿತಕರವೋ ಒಳನೋಟಕ್ಕೆ ಅಷ್ಟೇ ಜಟಿಲವಾದುದು. ಇದನ್ನು ಲೋಕಕ್ಕೆ ದೊಡ್ಡ ಪ್ರಮಾಣದಲ್ಲಿ ಮೊದಲು ಸಾರಿದ ಸಂಸ್ಥೆ ಅಮೆರಿಕದ ಕ್ಯಾಲಿಫೋರ್ನಿಯದ ‘ಆನ್‌ಲೈವ್’. ಸ್ಟೀವ್ ಪರ್ಲ್‌ಮನ್ ಎಂಬ ಯಂತ್ರಶಿಲ್ಪಿಯ ನೇತೃತ್ವದ ಈ ಸಂಸ್ಥೆ ೨೦೦೯ರ ಮಾರ್ಚಿಯಲ್ಲಿ ಸಾನ್ ಫ್ರಾನ್ಸಿಸ್ಕೋದ ಸಮ್ಮೇಳನವೊಂದರಲ್ಲಿ ತನ್ನ ಪ್ರಯೋಗವನ್ನು ತೋರಿಸಿ, ೨೦೧೦ರ ಜೂನಿನಲ್ಲಿ ಸೇವೆಯನ್ನು ಆರಂಭಿಸಿತು. ಹತ್ತು ವರ್ಷಗಳ ತರುವಾಯ ಗೂಗಲ್ ಸಂಸ್ಥೆ ಅದೇ ಭರವಸೆಯನ್ನು ‘ಸ್ಟೇಡಿಯಾ’ ಎಂಬ ಹೆಸರಿನಿಂದ ಮತ್ತೆ ಸಾರಿತು. ಇಂದು ಎರಡೂ ಇಲ್ಲ. ಹಾಗೆಂದು ಆ ಕಲ್ಪನೆ ಸತ್ತಿತೆಂದು ಹೇಳುವಂತೆಯೂ ಇಲ್ಲ. ಬೇರೆ ಸಂಸ್ಥೆಗಳು ಅದನ್ನು ನಡೆಸಿಕೊಂಡು ಬಂದಿವೆ. ಯಾವುದು ಕೆಟ್ಟಿತು, ಯಾವುದು ಉಳಿಯಿತು, ಏತಕ್ಕೆ ಎಂಬುದನ್ನು ವಿಚಾರಿಸುವುದು ಇಲ್ಲಿಯ ಉದ್ದೇಶ.

೨

ಸಿನೆಮಾಗಳು ಅಂತರ್ಜಾಲದಲ್ಲಿ ಸುಸೂತ್ರವಾಗಿ ಹರಿದುಬರುತ್ತಿರುವಾಗ ಆಟಗಳು ಬರಲು ತೊಡಕೇನು ಎಂಬ ಪ್ರಶ್ನೆ ಮೊದಲಿಗೆ ಏಳುತ್ತದೆ. ಎರಡಕ್ಕೂ ಇರುವ ಭೇದವನ್ನು ಸಂಗೀತದ ಉದಾಹರಣೆಯಿಂದ ತಿಳಿಯಬಹುದು. ಸಿನೆಮಾ ಗ್ರಾಮಫೋನ್ ತಟ್ಟೆಯಂತೆ. ಹಾಡಿಕೆ ಮುಗಿದುಹೋಗಿದೆ, ಅದನ್ನು ಈಗ ಕೇಳಿದರೂ ಅದೇ, ಹತ್ತು ನಿಮಿಷ ತಡೆದು ಕೇಳಿದರೂ ಅದೇ. ಆಟವಾದರೋ ಕಚೇರಿಯಲ್ಲಿಯ ಪಕ್ಕವಾದ್ಯದಂತೆ. ಗಾಯಕನ ಸ್ವರವನ್ನು ಕೇಳಿದ ಕ್ಷಣದಲ್ಲಿಯೇ ಮೃದಂಗ ಉತ್ತರ ಕೊಡಬೇಕು. ವಾದಕ ಎಷ್ಟೇ ಸಮರ್ಥನಾಗಿರಲಿ, ಅವನನ್ನು ಬೇರೊಂದು ಊರಿನಲ್ಲಿ ಕೂರಿಸಿದರೆ ತಾಳ ತಪ್ಪುವುದು ಅವನ ದೋಷದಿಂದಲ್ಲ, ದೂರದಿಂದ.

ಸಿನೆಮಾವನ್ನು ತೋರಿಸುವ ಯಂತ್ರ ಮುಂದಿನ ಹಲವು ಸೆಕೆಂಡುಗಳ ಚಿತ್ರವನ್ನು ಮುಂಚಿತವಾಗಿಯೇ ತರಿಸಿ ಶೇಖರಿಸಿಕೊಂಡಿರುತ್ತದೆ. ನಡುವೆ ಜಾಲ ಮುಗ್ಗರಿಸಿದರೂ ಪ್ರೇಕ್ಷಕನಿಗೆ ಅದು ತಿಳಿಯುವುದಿಲ್ಲ. ಆಟದಲ್ಲಿ ಇಂತಹ ಶೇಖರಣೆ ಅಸಾಧ್ಯ. ಆಟಗಾರ ಎಡಕ್ಕೆ ತಿರುಗುವನೋ ಬಲಕ್ಕೆ ತಿರುಗುವನೋ ಅವನಿಗೇ ಇನ್ನೂ ಗೊತ್ತಿಲ್ಲದಿರುವಾಗ ಮುಂದಿನ ಚಿತ್ರವನ್ನು ಯಾರು ಬಿಡಿಸಿಡಬಲ್ಲರು?

ಚಿತ್ರವನ್ನು ಕುಗ್ಗಿಸುವ ಕಾರ್ಯದಲ್ಲಿಯೂ ಇದೇ ಕಷ್ಟ. ಈಗ ಸಾಮಾನ್ಯವಾಗಿರುವ ಪರದೆಯಲ್ಲಿ ಅಡ್ಡಲಾಗಿ ೧,೯೨೦, ಉದ್ದಕ್ಕೆ ೧,೦೮೦ ಬಿಂದುಗಳಿರುತ್ತವೆ. ಒಟ್ಟು ಸುಮಾರು ೨೦ ಲಕ್ಷ ೭೩ ಸಾವಿರ. ಪ್ರತಿಯೊಂದು ಬಿಂದುವಿನ ಬಣ್ಣವನ್ನು ಹೇಳಲು ೨೪ ಬಿಟ್‌ಗಳು ಬೇಕು. ಸೆಕೆಂಡಿಗೆ ೬೦ ಚಿತ್ರಗಳಂತೆ ಗುಣಿಸಿದರೆ ಸೆಕೆಂಡಿಗೆ ಸುಮಾರು ೩೦೦ ಕೋಟಿ ಬಿಟ್‌ಗಳಾಗುತ್ತವೆ. ಇಂತಹ ಪರದೆಗೆ ಸ್ಟೇಡಿಯಾ ಸೂಚಿಸಿದ ಸಂಪರ್ಕದ ವೇಗ ಸೆಕೆಂಡಿಗೆ ೨೦ ಮೆಗಾಬಿಟ್, ಎಂದರೆ ಕೇವಲ ೨ ಕೋಟಿ ಬಿಟ್. ಮೂಲದ ನೂರೈವತ್ತನೆಯ ಒಂದು ಭಾಗಕ್ಕೆ ಚಿತ್ರವನ್ನು ಕುಗ್ಗಿಸಬೇಕೆಂದಾಯಿತು. ಸಿನೆಮಾವನ್ನು ಕುಗ್ಗಿಸುವವರು ಪ್ರತಿಯೊಂದು ಚಿತ್ರವನ್ನೂ ಅದರ ಹಿಂದಿನ ಮತ್ತು ಮುಂದಿನ ಚಿತ್ರಗಳೊಡನೆ ಹೋಲಿಸಿ, ಬದಲಾದ ಅಂಶವನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಬೇಕಾದಷ್ಟು ಹೊತ್ತು ತೆಗೆದುಕೊಂಡು ಈ ಕೆಲಸವನ್ನು ಒಮ್ಮೆ ಮಾಡಿಟ್ಟರೆ ಮುಗಿಯಿತು. ಆಟದ ಯಂತ್ರಕ್ಕೆ ಹಿಂದಿನ ಚಿತ್ರಗಳು ಮಾತ್ರ ಲಭ್ಯ. ಸಮಯವೂ ಕೆಲವೇ ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಕೆಲವೇ ಸಾವಿರಾಂಶಗಳು. ಆದುದರಿಂದ ಅಷ್ಟೇ ಗುಣಮಟ್ಟದ ಚಿತ್ರಕ್ಕೆ ಆಟ ಹೆಚ್ಚು ಬಿಟ್‌ಗಳನ್ನು ಬೇಡುತ್ತದೆ. ಮಳೆ, ಹೊಗೆ, ಎಲೆಗಳ ಅಲುಗಾಟ ಇರುವ ದೃಶ್ಯಗಳಲ್ಲಿ ಚಿತ್ರ ಕಲಸಿದಂತೆ ಕಾಣುವುದಕ್ಕೆ ಇದೇ ಕಾರಣ.

೩

ಇನ್ನು ಕಾಲದ ಲೆಕ್ಕ. ಸೆಕೆಂಡಿಗೆ ೬೦ ಚಿತ್ರಗಳು ಬರುವಾಗ ಒಂದು ಚಿತ್ರಕ್ಕೆ ದೊರೆಯುವ ಅವಧಿ ಸುಮಾರು ೧೬.೭ ಮಿಲಿಸೆಕೆಂಡು. ಇದನ್ನೇ ಅಳತೆಗೋಲಾಗಿ ಹಿಡಿಯೋಣ.

ಬೆಳಕು ಶೂನ್ಯದಲ್ಲಿ ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರ್ ಸಾಗಿದರೂ ಗಾಜಿನ ತಂತುವಿನೊಳಗೆ ಸುಮಾರು ೨ ಲಕ್ಷ ಕಿಲೋಮೀಟರ್ ಮಾತ್ರ ಸಾಗುತ್ತದೆ. ಹಾಗಾಗಿ ಪ್ರತಿ ಸಾವಿರ ಕಿಲೋಮೀಟರಿಗೆ ಹೋಗಲು ೫, ಹಿಂತಿರುಗಲು ೫, ಒಟ್ಟು ೧೦ ಮಿಲಿಸೆಕೆಂಡು ವ್ಯಯವಾಗುತ್ತದೆ. ದಿಲ್ಲಿಯ ಆಟಗಾರನಿಗೆ ಮುಂಬಯಿಯ ಯಂತ್ರ ಉತ್ತರ ಕೊಡಬೇಕೆನ್ನೋಣ. ತಂತಿಯ ದಾರಿ ೧,೪೦೦ ಕಿಲೋಮೀಟರ್ ಎಂದು ಹಿಡಿದರೆ ಹೋಗಿಬರಲು ೧೪ ಮಿಲಿಸೆಕೆಂಡು, ಎಂದರೆ ಹತ್ತಿರಹತ್ತಿರ ಒಂದು ಚಿತ್ರದ ಅವಧಿ. ಮುಂಬಯಿಯ ಆಟಗಾರನಿಗೆ ಸಿಂಗಾಪುರದ ಯಂತ್ರ ಉತ್ತರ ಕೊಡಬೇಕಾದರೆ, ನೇರದಾರಿಯ ೩,೯೦೦ ಕಿಲೋಮೀಟರಿಗೇ ೩೯ ಮಿಲಿಸೆಕೆಂಡು, ಎರಡು ಚಿತ್ರಗಳಿಗಿಂತ ಹೆಚ್ಚು. ಕ್ಯಾಲಿಫೋರ್ನಿಯದಲ್ಲಿ ಯಂತ್ರವಿದ್ದರೆ ಸುಮಾರು ೧೩,೫೦೦ ಕಿಲೋಮೀಟರಿಗೆ ೧೩೫ ಮಿಲಿಸೆಕೆಂಡು. ಎಂಟು ಚಿತ್ರಗಳು ಕಳೆದುಹೋಗಿರುತ್ತವೆ. ಸಮುದ್ರದ ಕೇಬಲ್ಲುಗಳು ನೇರವಾಗಿ ಹೋಗುವುದಿಲ್ಲವಾದ್ದರಿಂದ ನಿಜವಾದ ಕಾಲ ಇದಕ್ಕಿಂತ ಹೆಚ್ಚೇ ಆಗುವುದು. ಇದು ಪ್ರಕೃತಿ ಹಾಕಿದ ಎಲ್ಲೆ. ಯಾವ ಸಂಸ್ಥೆಯ ಬಂಡವಾಳವೂ ಇದನ್ನು ಅಳಿಸಲಾರದು. ಯಂತ್ರವನ್ನು ಆಟಗಾರನ ಸಮೀಪಕ್ಕೆ ತರುವುದೊಂದೇ ಮಾರ್ಗ. ತಮ್ಮ ಡೇಟಾ ಕೇಂದ್ರದಿಂದ ಆಟಗಾರ ಸಾವಿರ ಮೈಲಿಗಳ ಒಳಗಿರಬೇಕೆಂದು ಆನ್‌ಲೈವ್‌ನವರು ಆರಂಭದಲ್ಲಿಯೇ ಹೇಳಿದ್ದರು.

ಇದರ ಮೇಲೆ ಚಿತ್ರವನ್ನು ಕುಗ್ಗಿಸುವ, ಮತ್ತೆ ಬಿಡಿಸುವ ಹೊತ್ತು ಸೇರುತ್ತದೆ. ಮನೆಯಲ್ಲಿಯೇ ಯಂತ್ರವಿದ್ದರೂ ಗುಂಡಿ ಒತ್ತಿದ ಕ್ಷಣಕ್ಕೂ ಪರದೆಯಲ್ಲಿ ಫಲ ಕಾಣುವ ಕ್ಷಣಕ್ಕೂ ನಡುವೆ ಹಲವು ಆಟಗಳಲ್ಲಿ ೫೦ರಿಂದ ೧೦೦ ಮಿಲಿಸೆಕೆಂಡುಗಳ ಅಂತರವಿದ್ದೇ ಇರುತ್ತದೆ ಎಂಬುದನ್ನೂ ಹೇಳಬೇಕು. ದೂರದ ವಿಳಂಬ ಅದಕ್ಕೆ ಕೂಡಿಕೊಳ್ಳುವಂತಹುದು. ಚದುರಂಗದಂತಹ ಆಟದಲ್ಲಿ ಇದು ಅರಿವಿಗೇ ಬಾರದು. ಹೊಡೆದಾಟದ ಆಟದಲ್ಲಿ ಸೋಲುಗೆಲುವುಗಳನ್ನು ನಿರ್ಧರಿಸಬಲ್ಲದು.

ವಿಳಂಬಕ್ಕಿಂತಲೂ ಹೆಚ್ಚು ಪೀಡಿಸುವುದು ವಿಳಂಬದ ಏರಿಳಿತ. ಒಂದೇ ಪ್ರಮಾಣದ ವಿಳಂಬಕ್ಕೆ ಕೈ ಬೇಗನೆ ಒಗ್ಗಿಕೊಳ್ಳುತ್ತದೆ. ಒಮ್ಮೆ ೨೦, ಮತ್ತೊಮ್ಮೆ ೮೦ ಮಿಲಿಸೆಕೆಂಡಾದರೆ ಒಗ್ಗುವುದು ಕಷ್ಟ. ದಾರಿಯಲ್ಲಿ ಕಳೆದುಹೋದ ಚಿತ್ರವನ್ನು ಮತ್ತೆ ತರಿಸಿಕೊಳ್ಳುವುದರಿಂದಲೂ ಫಲವಿಲ್ಲ, ಅದರ ಸಮಯ ಮೀರಿರುತ್ತದೆ. ಎಷ್ಟೋ ವೇಳೆ ಈ ಏರಿಳಿತ ಹುಟ್ಟುವುದು ಸಮುದ್ರದ ಕೇಬಲ್ಲಿನಲ್ಲಲ್ಲ, ಮನೆಯ ಒಳಗಿನ ವೈಫೈಯಲ್ಲಿ. ಗೋಡೆಗೆ ಗೋಡೆ ಸೇರಿದ ನಮ್ಮ ನಗರಗಳ ವಠಾರಗಳಲ್ಲಿ ಇಪ್ಪತ್ತು ಮನೆಗಳ ವೈಫೈ ಒಂದೇ ಗಾಳಿಯನ್ನು ಹಂಚಿಕೊಳ್ಳುವಾಗ ಇದು ಆಶ್ಚರ್ಯದ ಸಂಗತಿಯೇನೂ ಅಲ್ಲ.

೪

ವಿಜ್ಞಾನದ ತೊಡಕು ಹೀಗಿದ್ದರೆ ವೆಚ್ಚದ ತೊಡಕು ಇನ್ನೊಂದು ಬಗೆಯದು. ಆಟಗಾರನ ಕಡೆಯಿಂದ ಮೊದಲು ನೋಡೋಣ. ಸೆಕೆಂಡಿಗೆ ೨೦ ಮೆಗಾಬಿಟ್ ವೇಗದಲ್ಲಿ ಒಂದು ಗಂಟೆ ಆಡಿದರೆ ೯ ಗಿಗಾಬೈಟ್ ಖರ್ಚಾಗುತ್ತದೆ. ಚಿತ್ರದ ಗುಣಮಟ್ಟವನ್ನು ತಗ್ಗಿಸಿ ೧೦ ಮೆಗಾಬಿಟ್‌ಗೆ ಇಳಿದರೂ ಗಂಟೆಗೆ ನಾಲ್ಕೂವರೆ ಗಿಗಾಬೈಟ್. ದಿನಕ್ಕೆ ೨ ಗಿಗಾಬೈಟ್ ಪಡಿ ದೊರೆಯುವ ಮೊಬೈಲ್ ಚಂದಾದಾರನ ಆಟ ಅರ್ಧ ಗಂಟೆಯೊಳಗಾಗಿ ನಿಲ್ಲುತ್ತದೆ. ೨೦೨೨ರ ಅಕ್ಟೋಬರಿನಿಂದ ನಮ್ಮಲ್ಲಿ ಬಂದಿರುವ ೫ಜಿ ಸೇವೆಯೂ, ಮನೆಗೆ ಬರುವ ಫೈಬರ್ ಸಂಪರ್ಕವೂ ಈ ಕಷ್ಟವನ್ನು ಬಹುಮಟ್ಟಿಗೆ ಕಡಮೆ ಮಾಡಿವೆ. ಆದರೆ ಯಂತ್ರವನ್ನು ಕೊಳ್ಳಲಾರದವನಿಗೆ ಈ ಆಟ ನೆರವಾಗುವುದೆಂಬ ಮಾತಿಗೆ, ಅವನಲ್ಲಿ ಒಳ್ಳೆಯ ಸಂಪರ್ಕ ಇರತಕ್ಕದ್ದೆಂಬ ಷರತ್ತು ಅಂಟಿಕೊಂಡೇ ಇರುತ್ತದೆ.

ಸಂಸ್ಥೆಯ ಕಡೆಯಿಂದ ನೋಡಿದರೆ ಲೆಕ್ಕ ಮತ್ತಷ್ಟು ಬಿಗಿ. ಸಿನೆಮಾದ ಒಂದು ಪ್ರತಿಯನ್ನು ಲಕ್ಷ ಜನಕ್ಕೆ ಹಂಚಬಹುದು. ಆಟದಲ್ಲಿ ಹಾಗಲ್ಲ, ಪ್ರತಿಯೊಬ್ಬ ಆಟಗಾರನಿಗೂ ಅವನು ಆಡುವಷ್ಟು ಹೊತ್ತೂ ಒಂದು ಸಮರ್ಥ ಯಂತ್ರವನ್ನೋ ಅದರ ಒಂದು ಭಾಗವನ್ನೋ ಮೀಸಲಾಗಿ ಇಡಬೇಕು. ಜನರು ಆಡುವುದು ಬಹುತೇಕ ಸಂಜೆ ಮತ್ತು ರಜೆಯ ದಿನಗಳಲ್ಲಿ. ಸಂಜೆಯ ನೂಕುನುಗ್ಗಲಿಗೆ ಸಾಕಾಗುವಷ್ಟು ಯಂತ್ರಗಳನ್ನು ಕೊಂಡಿಟ್ಟರೆ ಬೆಳಗಿನ ಹೊತ್ತು ಅವು ಸುಮ್ಮನೆ ಕುಳಿತಿರುತ್ತವೆ. ಅಮೆರಿಕದಲ್ಲಿ ಬೆಳಗಾದಾಗ ಭಾರತದಲ್ಲಿ ಸಂಜೆಯಾಗಿರುವುದರಿಂದ ಅಲ್ಲಿಯ ಬಿಡುವಿನ ಯಂತ್ರಗಳನ್ನು ಇಲ್ಲಿಯವರಿಗೆ ಕೊಡಬಹುದಲ್ಲವೆ ಎಂದು ತೋರಬಹುದು. ಇತರ ಅನೇಕ ಗಣನಕಾರ್ಯಗಳಲ್ಲಿ ಹೀಗೆ ಮಾಡಲು ಸಾಧ್ಯ. ಆಟದಲ್ಲಿ ಮಾತ್ರ ಮೇಲೆ ಹೇಳಿದ ೧೩೫ ಮಿಲಿಸೆಕೆಂಡು ಅಡ್ಡ ನಿಲ್ಲುತ್ತದೆ. ವಿಳಂಬವನ್ನು ತಪ್ಪಿಸಲು ಯಂತ್ರವನ್ನು ಹತ್ತಿರ ಇಡಬೇಕು. ಹತ್ತಿರವೇ ಇಟ್ಟರೆ ಅದರ ಬಿಡುವಿನ ವೇಳೆ ವ್ಯರ್ಥವಾಗುತ್ತದೆ. ಈ ಉದ್ಯಮದ ಹಣಕಾಸಿನ ಮುಖ್ಯ ತೊಡಕು ಇದೇ. ಎನ್‌ವಿಡಿಯಾ ಸಂಸ್ಥೆ ತನ್ನ ‘ಜಿಫೋರ್ಸ್ ನೌ’ ಸೇವೆಯ ಹಣಕೊಡುವ ಚಂದಾದಾರರಿಗೂ ತಿಂಗಳಿಗೆ ೧೦೦ ಗಂಟೆಗಳ ಮಿತಿಯನ್ನು ವಿಧಿಸುವುದಾಗಿ ೨೦೨೪ರ ನವೆಂಬರಿನಲ್ಲಿ ಪ್ರಕಟಿಸಿದ್ದು ಈ ದೃಷ್ಟಿಯಿಂದ ಅರ್ಥವಾಗುವಂತಹುದು.

೫

ಈಗ ಎರಡು ಪ್ರಯೋಗಗಳ ಕತೆಗೆ ಬರೋಣ. ಆನ್‌ಲೈವ್ ಎರಡು ವರ್ಷ ನಡೆದು ೨೦೧೨ರ ಆಗಸ್ಟಿನಲ್ಲಿ ಕುಸಿಯಿತು. ನೌಕರರನ್ನು ಬಿಡಿಸಿ, ಆಸ್ತಿಯನ್ನು ಸಾಲಗಾರರ ಹಿತಕ್ಕಾಗಿ ಒಪ್ಪಿಸಬೇಕಾಯಿತು. ಹೊಸ ಒಡೆತನದಲ್ಲಿ ಮತ್ತೆ ಕೆಲವು ಕಾಲ ನಡೆದು ೨೦೧೫ರ ಏಪ್ರಿಲ್ ೩೦ರಂದು ಶಾಶ್ವತವಾಗಿ ಮುಚ್ಚಿತು. ಅದರ ಪೇಟೆಂಟುಗಳನ್ನು ಸೋನಿ ಕೊಂಡಿತು. ಇದೇ ಸೋನಿ ೨೦೧೨ರ ಜುಲೈಯಲ್ಲಿ ‘ಗೈಕಾಯ್’ ಎಂಬ ಇನ್ನೊಂದು ಸಂಸ್ಥೆಯನ್ನು ೩೮ ಕೋಟಿ ಡಾಲರುಗಳಿಗೆ ಕೊಂಡು, ಅದರ ಆಧಾರದ ಮೇಲೆ ತನ್ನ ಪ್ಲೇಸ್ಟೇಷನ್ ಸೇವೆಯನ್ನು ಕಟ್ಟಿದ್ದಿತು.

ಗೂಗಲ್ ಸಂಸ್ಥೆ ಸ್ಟೇಡಿಯಾವನ್ನು ೨೦೧೯ರ ಮಾರ್ಚ್ ೧೯ರಂದು ಪ್ರಕಟಿಸಿ, ನವೆಂಬರ್ ೧೯ರಂದು ೧೪ ದೇಶಗಳಲ್ಲಿ ಆರಂಭಿಸಿತು. ಭಾರತ ಅವುಗಳಲ್ಲಿ ಸೇರಿರಲಿಲ್ಲ. ಅದು ಮಾಡಿದ ಯಂತ್ರಕೌಶಲದ ಕೆಲಸ ಮೆಚ್ಚತಕ್ಕದ್ದು. ಅದರ ಕೈಗುಂಡಿಯ ಸಾಧನ ಟೆಲಿವಿಷನ್ನಿನ ಮೂಲಕ ಹೋಗದೆ ವೈಫೈಯಿಂದ ನೇರವಾಗಿ ಡೇಟಾ ಕೇಂದ್ರವನ್ನು ಮುಟ್ಟುತ್ತಿದ್ದಿತು. ವಿಳಂಬದ ಒಂದು ಮೆಟ್ಟಿಲನ್ನು ಹೀಗೆ ಕಡಮೆ ಮಾಡಿದ್ದರು. ೨೦೨೦ರ ಡಿಸೆಂಬರಿನಲ್ಲಿ ‘ಸೈಬರ್‌ಪಂಕ್ ೨೦೭೭’ ಎಂಬ ಭಾರಿ ಆಟ ಹೊರಬಂದಾಗ ಹಳೆಯ ಪ್ಲೇಸ್ಟೇಷನ್ ೪ರಲ್ಲಿ ಅದು ಎಷ್ಟು ಮುಗ್ಗರಿಸಿತೆಂದರೆ, ಸೋನಿ ಅದನ್ನು ತನ್ನ ಅಂಗಡಿಯಿಂದಲೇ ತೆಗೆದುಹಾಕಬೇಕಾಯಿತು. ಅದೇ ಆಟ ಸ್ಟೇಡಿಯಾದಲ್ಲಿ ಸಾಧಾರಣ ಕಂಪ್ಯೂಟರಿನವರಿಗೂ ಚೆನ್ನಾಗಿ ನಡೆಯಿತು. ಡೇಟಾ ಕೇಂದ್ರ ಹತ್ತಿರವಿದ್ದು ಸಂಪರ್ಕ ಉತ್ತಮವಾಗಿದ್ದವರಿಗೆ ಭರವಸೆ ಹುಸಿಯಾಗಿರಲಿಲ್ಲವೆಂಬುದಕ್ಕೆ ಇದು ನಿದರ್ಶನ.

ಹಾಗಿದ್ದೂ ಸ್ಟೇಡಿಯಾ ಉಳಿಯಲಿಲ್ಲ. ಆಟಗಳನ್ನು ಸ್ವತಃ ರಚಿಸಲು ಸ್ಥಾಪಿಸಿದ್ದ ಶಾಲೆಗಳನ್ನು ೨೦೨೧ರ ಫೆಬ್ರವರಿಯಲ್ಲಿ ಮುಚ್ಚಲಾಯಿತು. ೨೦೨೩ರ ಜನವರಿ ೧೮ರಂದು ಸೇವೆಯೇ ನಿಂತಿತು. ಸೋಲಿನ ಮುಖ್ಯ ಕಾರಣ, ನನ್ನ ಅಭಿಪ್ರಾಯದಲ್ಲಿ, ವಿಳಂಬವಲ್ಲ, ವ್ಯಾಪಾರದ ಕ್ರಮ. ಸ್ಟೇಡಿಯಾದಲ್ಲಿ ಹೆಚ್ಚಿನ ಆಟಗಳನ್ನು ಪೂರ್ಣ ಬೆಲೆ ತೆತ್ತು ಕೊಳ್ಳಬೇಕಾಗಿದ್ದಿತು; ಕೊಂಡದ್ದನ್ನು ಅಲ್ಲಿಯಲ್ಲದೆ ಬೇರೆಲ್ಲಿಯೂ ಆಡುವಂತಿರಲಿಲ್ಲ. ಕೊಳ್ಳುವವನ ವೆಚ್ಚ ಅವನಿಗೆ ದೊರೆಯಿತು, ಕೊಂಡವನ ಹಕ್ಕು ದೊರೆಯಲಿಲ್ಲ.

ಉಳಿದುಕೊಂಡ ಸೇವೆಗಳನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವುದು. ೨೦೨೦ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಈ ಸೌಲಭ್ಯವನ್ನು ತನ್ನ ಮಾಸಿಕ ಚಂದಾದ ಜೊತೆಗೆ ಸೇರಿಸಿಕೊಟ್ಟಿತು. ಸೋನಿಯೂ ೨೦೨೨ರಲ್ಲಿ ತನ್ನ ಚಂದಾಯೋಜನೆಯೊಳಗೆ ಇದನ್ನು ವಿಲೀನಗೊಳಿಸಿತು. ಜಿಫೋರ್ಸ್ ನೌ ಆಟಗಳನ್ನು ಮಾರುವುದೇ ಇಲ್ಲ. ಬೇರೆ ಅಂಗಡಿಗಳಲ್ಲಿ ಕೊಂಡ ಆಟವನ್ನು ನಡೆಸಲು ಯಂತ್ರವನ್ನು ಬಾಡಿಗೆಗೆ ಕೊಡುತ್ತದೆ. ಅಲ್ಲಿಯೂ ತಕರಾರು ಇಲ್ಲದಿಲ್ಲ: ೨೦೨೦ರಲ್ಲಿ ಆ ಸೇವೆ ಚಂದಾ ಪಡೆಯಲು ಆರಂಭಿಸುತ್ತಲೇ ಕೆಲವು ದೊಡ್ಡ ಪ್ರಕಾಶಕರು ತಮ್ಮ ಆಟಗಳನ್ನು ಹಿಂತೆಗೆದುಕೊಂಡರು. ಮೂರು ಸೇವೆಗಳಲ್ಲಿಯೂ ಹರಿದುಬರುವ ಆಟ ಒಂದು ಪೂರಕ, ಅದೇ ಸರ್ವಸ್ವವಲ್ಲ. ಪೂರಕವೆಂದ ಮಾತ್ರಕ್ಕೆ ಅಲ್ಪವೆಂದೂ ತಿಳಿಯಬಾರದು. ಮೈಕ್ರೋಸಾಫ್ಟ್ ಸಂಸ್ಥೆ ಆಕ್ಟಿವಿಷನ್ ಬ್ಲಿಜರ್ಡ್ ಸಂಸ್ಥೆಯನ್ನು ಕೊಳ್ಳಹೊರಟಾಗ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ೨೦೨೩ರ ಏಪ್ರಿಲ್ ೨೬ರಂದು ಅದನ್ನು ತಡೆದದ್ದು ಈ ಬಗೆಯ ಆಟದ ಭವಿಷ್ಯ ಒಬ್ಬರ ಕೈಸೇರೀತೆಂಬ ಶಂಕೆಯಿಂದಲೇ. ಹರಿಯಿಸುವ ಹಕ್ಕುಗಳನ್ನು ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆಗೆ ಮಾರುವ ಏರ್ಪಾಡಾದ ಮೇಲೆಯೇ ಅದೇ ವರ್ಷದ ಅಕ್ಟೋಬರಿನಲ್ಲಿ ಒಪ್ಪಿಗೆ ದೊರೆಯಿತು.

೬

ಇನ್ನು ಉಳಿದದ್ದು ಒಡೆತನದ ಪ್ರಶ್ನೆ. ಸ್ಟೇಡಿಯಾ ಮುಚ್ಚಿದಾಗ ಗೂಗಲ್ ಸಂಸ್ಥೆ ತನ್ನ ಅಂಗಡಿಯಲ್ಲಿ ಕೊಂಡ ಆಟಗಳ ಮತ್ತು ಸಾಧನಗಳ ಹಣವನ್ನು ಹಿಂತಿರುಗಿಸಿತು. ಇದು ನ್ಯಾಯವಾದ ನಡತೆ. ಆದರೆ ಹಣ ಹಿಂದಕ್ಕೆ ಬಂದಿತೇ ಹೊರತು ಆಟ ಬರಲಿಲ್ಲ. ಕೆಲವು ಪ್ರಕಾಶಕರು ತಮ್ಮ ಆಟಗಾರರ ಪ್ರಗತಿಯನ್ನು ಬೇರೆಡೆಗೆ ವರ್ಗಾಯಿಸಿಕೊಟ್ಟರು; ಆ ಅನುಕೂಲವಿಲ್ಲದ ಆಟಗಳಲ್ಲಿ ನೂರಾರು ಗಂಟೆ ಕಳೆದವರ ಸಾಧನೆ ಅಳಿದುಹೋಯಿತು. ಸೇವೆ ನಿಲ್ಲುವುದಕ್ಕೆ ಐದು ದಿನ ಮೊದಲು, ಜನವರಿ ೧೩ರಂದು, ಅಲ್ಲಿಯ ಕೆಲಸಗಾರರು ‘ವರ್ಮ್ ಗೇಮ್’ ಎಂಬ ಸಣ್ಣ ಆಟವೊಂದನ್ನು ಎಲ್ಲರಿಗೂ ತೆರೆದರು. ಸೇವೆ ಜನರಿಗೆ ಲಭ್ಯವಾಗುವುದಕ್ಕೆ ಮುಂಚೆಯೇ ವ್ಯವಸ್ಥೆಯನ್ನು ಪರೀಕ್ಷಿಸಲು ತಮಗಾಗಿ ಅವರು ಮಾಡಿಕೊಂಡಿದ್ದ ಆಟ ಅದು. ಅದರ ಸಾರ್ವಜನಿಕ ಆಯುಸ್ಸು ಐದು ದಿನ.

ಕೈಗುಂಡಿಯ ಸಾಧನ ಮಾತ್ರ ಬೇರೆ ಗತಿಯನ್ನು ಕಂಡಿತು. ಅದರ ಬ್ಲೂಟೂತ್ ಶಕ್ತಿಯನ್ನು ಬಿಡಿಸುವ ಉಪಾಯವನ್ನು ಸಂಸ್ಥೆಯೇ ಒದಗಿಸಿದ್ದರಿಂದ ಅದನ್ನು ಹಾಗೆ ಮಾರ್ಪಡಿಸಿಕೊಂಡವರು ಬೇರೆ ಯಂತ್ರಗಳೊಡನೆ ಈಗಲೂ ಬಳಸಬಹುದು. ಆಟಗಾರನ ಕೈಯಲ್ಲಿ ವಸ್ತುವಾಗಿ ಇದ್ದುದು ಉಳಿಯಿತು. ದೂರದಲ್ಲಿ ಇದ್ದುದು ಹೋಯಿತು.

ಪ್ರವಾಸಿ ಕನ್ನಡಿಗರ ಸಂಘಗಳಲ್ಲಿ ಓಡಾಡಿದವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಪ್ರಕಾಶನ ನಿಂತು ದಶಕಗಳಾದ ಪತ್ರಿಕೆಗಳನ್ನು ನಾವು ನಮ್ಮ ಗ್ರಂಥಭಂಡಾರಗಳ ಕಟ್ಟುಗಳಲ್ಲಿ ಇಂದೂ ಬಿಚ್ಚಿ ಓದುತ್ತೇವೆ. ಸಂಪಾದಕರು ಗತಿಸಿದರು, ಮುದ್ರಣಾಲಯ ಮುಚ್ಚಿತು. ಆದರೂ ಸಂಚಿಕೆ ಇದೆ, ಏಕೆಂದರೆ ಯಾರೋ ಒಬ್ಬರು ಅದನ್ನು ಕೊಂಡು ಮನೆಗೆ ತಂದಿದ್ದರು. ದೂರದ ಯಂತ್ರದಲ್ಲಿ ಮಾತ್ರ ಇರುವ ಕೃತಿಗೆ ಅಂತಹ ರಕ್ಷಕರು ಹುಟ್ಟುವುದೇ ಇಲ್ಲ. ಆಟವೂ ಒಂದು ಕಾಲದ ಕಲೆ, ಕಥನ ಮತ್ತು ಕೌಶಲದ ದಾಖಲೆಯೆಂದು ಒಪ್ಪುವುದಾದರೆ ಇದನ್ನು ಸಣ್ಣ ನಷ್ಟವೆನ್ನಲಾಗದು.

ಆದ್ದರಿಂದ ಈ ವಿಧಾನದ ವ್ಯವಹಾರ್ಯತೆಯನ್ನು ಹೀಗೆ ಸಂಗ್ರಹಿಸಬಹುದು. ಡೇಟಾ ಕೇಂದ್ರ ಕೆಲವು ನೂರು ಕಿಲೋಮೀಟರುಗಳೊಳಗಿದ್ದು, ಸಂಪರ್ಕ ಸ್ಥಿರವಾಗಿದ್ದು, ಆಟ ಅತಿವೇಗದ್ದಲ್ಲದಿದ್ದರೆ ಅದು ಇಂದೇ ಸಾಧ್ಯ. ಒಂದು ಆಟವನ್ನು ಕೊಳ್ಳುವ ಮೊದಲು ಪರೀಕ್ಷಿಸುವುದಕ್ಕೆ, ಪ್ರವಾಸದಲ್ಲಿ ಆಡುವುದಕ್ಕೆ, ದುಬಾರಿ ಯಂತ್ರ ಇಲ್ಲದವರು ಕೆಲವು ಕಾಲ ಬಾಡಿಗೆಗೆ ಪಡೆಯುವುದಕ್ಕೆ ಇದು ಯೋಗ್ಯ. ಬಾಡಿಗೆಯನ್ನು ಬಾಡಿಗೆಯೆಂದೇ ತಿಳಿದು ಕೊಟ್ಟರೆ ಮೋಸವಿಲ್ಲ. ಕೊಳ್ಳುವ ಬೆಲೆಯನ್ನು ಕೊಟ್ಟು ಬಾಡಿಗೆಯ ವಸ್ತುವನ್ನು ಪಡೆಯುವ ಸಂದರ್ಭ ಬಂದಾಗ ಮಾತ್ರ, ಆಟವಿರಲಿ, ಪುಸ್ತಕವಿರಲಿ, ಸಂಗೀತವಿರಲಿ, ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು: ಕೊಟ್ಟವರು ನಾಳೆ ಬಾಗಿಲು ಮುಚ್ಚಿದರೆ ನಮ್ಮ ಕೈಯಲ್ಲಿ ಉಳಿಯುವುದೇನು?